ಹಕ್ಕಿ ಕೂತಿದ್ದು ಎಲ್ಲಿ?

ಬೆಂಗಳೂರಿನಲ್ಲಿ ತೆಗೆದ ಹಕ್ಕಿ ಫೋಟೋಗಳನ್ನು ಒಂದರ್ಧ ಗಂಟೆ ಒಂದೇ ಸಮನೆ ನೋಡಿ. ಮಿಂಚುಳ್ಳಿಯ ಕೊಕ್ಕಿನಿಂದ ತೊಟ್ಟಿಕ್ಕುವ ಹನಿ ಕಾಣುತ್ತದೆ. ಕೊಳಬಕದ ಕಣ್ಣಿನ ಹಳದಿ ಕಾಣುತ್ತದೆ. ಹಾಲಕ್ಕಿಯ ಹುಬ್ಬಿನ ಗರಿಗಳನ್ನು ಬೇಕಿದ್ದರೆ ಎಣಿಸಬಹುದು. ಕಾಣದೇ ಇರುವುದು ಬೆಂಗಳೂರು ಮಾತ್ರ. ಹಕ್ಕಿಯ ಹಿಂದೆ ತಿಳಿಹಸಿರನ್ನು ಬೆಣ್ಣೆಯ ಹಾಗೆ ಸವರಿಟ್ಟಿರುತ್ತಾರೆ. ಅದು ಹೆಬ್ಬಾಳದ ಕೆರೆಯೋ, ಯಲಹಂಕದ ಪುಟ್ಟೇನಹಳ್ಳಿಯೋ, ರಂಗನತಿಟ್ಟೋ, ಯಾವುದೋ ದೇಶದ ಯಾವುದೋ ಜೌಗೋ ಹೇಳಲು ಬರುವುದಿಲ್ಲ. ಕೆಳಗೆ ಕ್ಯಾಮೆರಾದ ಹೆಸರು, ಲೆನ್ಸಿನ ಹೆಸರು, ಶಟರ್ ವೇಗ ಎಲ್ಲವನ್ನೂ ತಪ್ಪದೆ ಬರೆದಿರುತ್ತಾರೆ. ಹಕ್ಕಿ ಕೂತಿದ್ದು ಯಾವುದರ ಮೇಲೆ ಎಂದು ಯಾರೂ ಬರೆಯುವುದಿಲ್ಲ.

ಇದನ್ನು ರುಚಿಭೇದ ಎಂದು ಬಿಟ್ಟುಬಿಡಬಹುದಿತ್ತು. ಕೆಲವರಿಗೆ ಹಿನ್ನೆಲೆ ಬೇಕು, ಕೆಲವರಿಗೆ ಬೇಡ, ಅವರವರ ಇಷ್ಟ. ಆದರೆ ಸಾವಿರಾರು ಜನ ಒಂದೇ ಊರಿನಲ್ಲಿ ನಿಂತು ಒಂದೇ ಬಗೆಯಲ್ಲಿ ಆ ಊರನ್ನು ಅಳಿಸುತ್ತಿದ್ದರೆ ಅದಕ್ಕೆ ರುಚಿ ಎನ್ನುವುದು ಕಷ್ಟ. ಅದೊಂದು ಅಭ್ಯಾಸ, ಅದಕ್ಕೆ ಕಾರಣಗಳಿವೆ, ಮತ್ತು ಅದರಿಂದ ನಷ್ಟವಿದೆ. ಈ ಅಭ್ಯಾಸದ ಎದುರಿಗೆ ನಾನು ಇಡುತ್ತಿರುವುದು ಒಂದು ಹಳೆಯ ಲೆನ್ಸನ್ನು: 200 ಮಿ.ಮೀ.ನ ಎಫ್/4 ನಿಕ್ಕಾರ್, 1977ರಲ್ಲಿ ಬಂದ 'ಎಐ' ಮಾದರಿಯದು. ನನಗಿಂತ ಇಪ್ಪತ್ತು ವರ್ಷ ದೊಡ್ಡದು. ಜೂಮ್ ಆಗುವುದಿಲ್ಲ, ತಾನಾಗಿ ಫೋಕಸ್ ಆಗುವುದಿಲ್ಲ, ಕೈ ನಡುಗಿದರೆ ಸಂಭಾಳಿಸುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಹಕ್ಕಿ ಛಾಯಾಗ್ರಾಹಕರ ಕನಸಿನ ಲೆನ್ಸು 600 ಮಿ.ಮೀ. ಎಫ್/4. ಬೆಲೆ ಹತ್ತು ಲಕ್ಷ ದಾಟುತ್ತದೆ. 600ನ್ನು 4ರಿಂದ ಭಾಗಿಸಿದರೆ ಬರುವ 150 ಮಿ.ಮೀ., ಅಂದರೆ ಹದಿನೈದು ಸೆಂಟಿಮೀಟರು, ಆ ಲೆನ್ಸಿನ ಕಿಂಡಿಯ ಅಗಲ. ದೃಗ್ವಿಜ್ಞಾನದಲ್ಲಿ ಒಂದು ಸರಳ ಸಂಗತಿಯಿದೆ: ಹಕ್ಕಿಗೆ ಫೋಕಸ್ ಮಾಡಿದಾಗ ಬಹುದೂರದಲ್ಲಿರುವ ಒಂದೊಂದು ಬಿಂದುವೂ, ಹಕ್ಕಿ ಇರುವ ಜಾಗದಲ್ಲಿ ಅಳೆದರೆ, ಸುಮಾರು ಆ ಕಿಂಡಿಯಷ್ಟೇ ಅಗಲದ ಮಸುಕು ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಹದಿನೈದು ಸೆಂಟಿಮೀಟರು ಎಂದರೆ ಹೆಚ್ಚುಕಡಿಮೆ ಒಂದು ಗುಬ್ಬಚ್ಚಿಯ ಉದ್ದ. ದೂರದ ಅಪಾರ್ಟ್‌ಮೆಂಟಿನ ಒಂದೊಂದು ಕಿಟಕಿ, ವಿದ್ಯುತ್ ಕಂಬದ ಒಂದೊಂದು ಬಲ್ಬು, ಕೆರೆ ದಂಡೆಯ ಒಂದೊಂದು ಪ್ಲಾಸ್ಟಿಕ್ ಚೀಲ ಗುಬ್ಬಚ್ಚಿಯಷ್ಟು ಅಗಲಕ್ಕೆ ಹರಡಿ ಒಂದರ ಮೇಲೊಂದು ಬಿದ್ದರೆ ಉಳಿಯುವುದು ಬೆಣ್ಣೆಯೇ. ನನ್ನ 200ರ ಕಿಂಡಿ ಪೂರ್ತಿ ತೆರೆದರೂ ಐದು ಸೆಂಟಿಮೀಟರು. ಅದನ್ನು ಎಫ್/11ಕ್ಕೆ ಕಿರಿದುಗೊಳಿಸಿದರೆ ಎರಡು ಸೆಂಟಿಮೀಟರಿಗೂ ಕಡಿಮೆ. ಆಗ ಕಿಟಕಿ ಕಿಟಕಿಯಾಗಿಯೇ ಉಳಿಯುತ್ತದೆ. ಮಸುಕಾದ ಕಿಟಕಿ, ಆದರೆ ಕಿಟಕಿ.

ಇನ್ನೊಂದು ಲೆಕ್ಕ ಅಗಲದ್ದು. ಹತ್ತು ಮೀಟರ್ ದೂರದಲ್ಲಿ ಹಕ್ಕಿಯಿದ್ದರೆ 600 ಮಿ.ಮೀ. ಲೆನ್ಸು ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅರವತ್ತು ಸೆಂಟಿಮೀಟರು ಅಗಲದ ಜಗತ್ತನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಚಿಕ್ಕ ಸೆನ್ಸರಿನ ನನ್ನ ಕ್ಯಾಮೆರಾದಲ್ಲಿ 200 ಮಿ.ಮೀ. ಬಿಟ್ಟುಕೊಳ್ಳುವುದು ಸುಮಾರು ಒಂದು ಮೀಟರು ಹದಿನಾರು ಸೆಂಟಿಮೀಟರು. ಅಂದರೆ ಹಕ್ಕಿ ಚಿಕ್ಕದಾಗುತ್ತದೆ, ಕೊಂಬೆ ಪೂರ್ತಿ ಬರುತ್ತದೆ, ಕೊಂಬೆ ಚಾಚಿಕೊಂಡ ಗೋಡೆಯೂ ಬರುತ್ತದೆ. ಹಕ್ಕಿ ಛಾಯಾಗ್ರಾಹಕರು ಇದನ್ನೇ ದೋಷ ಎನ್ನುತ್ತಾರೆ. "ರೀಚ್ ಸಾಲದು" ಎನ್ನುವುದು ಅವರ ಮಾತು. ಸಾಲದು ಎನ್ನುವುದು ಯಾವುದಕ್ಕೆ ಎಂದು ಕೇಳುವವರಿಲ್ಲ.

ಈ ಅಭ್ಯಾಸಕ್ಕೆ ಲೆನ್ಸು ಒಂದೇ ಕಾರಣವಲ್ಲ. ಕಾನೂನಿನ ಬೆಂಬಲವೂ ಇದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಒಪ್ಪಿಕೊಂಡಿರುವ 'ನಿಸರ್ಗ' ವಿಭಾಗದ ವ್ಯಾಖ್ಯೆಯ ಪ್ರಕಾರ ಚಿತ್ರದಲ್ಲಿ ಮನುಷ್ಯ ನಿರ್ಮಿತವಾದದ್ದು ಕಾಣಬಾರದು. ಕಂಡರೆ ಅದು ನಿಸರ್ಗದ ಕಥೆಯ ಅವಿಭಾಜ್ಯ ಅಂಗವಾಗಿರಬೇಕು. ಮನುಷ್ಯ ಬದಲಾಯಿಸಿದ ಪರಿಸರಕ್ಕೆ ಒಗ್ಗಿಕೊಂಡ ಕಣಜಗೂಬೆ, ಕೊಕ್ಕರೆಗಳನ್ನು ಆ ವ್ಯಾಖ್ಯೆಯ ಹಿಂದಿನ ರೂಪವೇ ಉದಾಹರಣೆಯಾಗಿ ಕೊಡುತ್ತಿತ್ತು. ಅಂದರೆ ಬಾಗಿಲು ಮುಚ್ಚಿಲ್ಲ, ಓರೆಯಾಗಿ ತೆರೆದಿದೆ. ಆದರೆ ಸ್ಪರ್ಧೆಗೆ ಕಳಿಸುವವರು ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ತಂತಿಯಿಲ್ಲದ, ಕಂಬವಿಲ್ಲದ, ಗೋಡೆಯಿಲ್ಲದ ಚಿತ್ರವನ್ನೇ ಆರಿಸುತ್ತಾರೆ. ಹಾಗೆ ಗೆದ್ದ ಚಿತ್ರವನ್ನು ನೋಡಿ ಕಲಿತವರು ಮುಂದಿನ ವರ್ಷ ಅದನ್ನೇ ತೆಗೆಯುತ್ತಾರೆ. ನಾನು ಒಂದು ಸ್ಪರ್ಧೆಗೆ ಕಳಿಸಿದ ಹಾಲಕ್ಕಿಯ ಚಿತ್ರಕ್ಕೆ ಬಂದ ಟಿಪ್ಪಣಿ, ಹಿಂದಿನ ಕಂಬ ಗಮನವನ್ನು ಕೆಡಿಸುತ್ತದೆ ಎಂದಿತ್ತು. ಆ ಹಾಲಕ್ಕಿ ಪ್ರತಿ ಸಂಜೆ ಆ ಕಂಬದ ಮೇಲೆ ಕೂತು, ಅದರ ದೀಪಕ್ಕೆ ಬರುವ ಹುಳುಗಳನ್ನು ಹಿಡಿದು ತಿನ್ನುತ್ತದೆ. ಕಂಬವಿಲ್ಲದೆ ಅದರ ಊಟವಿಲ್ಲ.

ನಗರದ ಹಕ್ಕಿಗಳ ಮಟ್ಟಿಗೆ ಆ ವಿನಾಯಿತಿಯೇ ನಿಯಮವಾಗಬೇಕು. ಬೆಂಗಳೂರಿನ ಹದ್ದು ಮಾಂಸದಂಗಡಿಯ ಹಕ್ಕಿ, ಕಸದ ರಾಶಿಯ ಹಕ್ಕಿ. ಬೆಳ್ಳಕ್ಕಿ ಚರಂಡಿ ನೀರಿನ ಹಕ್ಕಿ. ಟಿಟ್ಟಿಭ ಮಾರಾಟವಾಗದ ಸೈಟುಗಳ ಹಕ್ಕಿ, ಸೈಟು ಮಾರಾಟವಾದ ದಿನ ಅದು ಅಲ್ಲಿಂದ ಏಳುತ್ತದೆ. ಇವುಗಳ ಹಿಂದಿನ ಊರನ್ನು ಅಳಿಸಿದರೆ ಉಳಿಯುವುದು ನಿಸರ್ಗವಲ್ಲ, ಗರಿಗಳ ಕ್ಯಾಟಲಾಗು.

ಜಾಲಹಳ್ಳಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿತ್ತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ವಾಯುಪಡೆಯ ನೆಲೆಯಿದೆ. ಕಾರ್ಖಾನೆಗಳಿಗೂ ಸೇನೆಗೂ ಬೇಲಿ ಹಾಕಿ ಕೊಟ್ಟ ಜಮೀನಿನಲ್ಲಿ ಮರಗಳು ತಮ್ಮ ಪಾಡಿಗೆ ಬೆಳೆದವು. ಉತ್ತರ ಬೆಂಗಳೂರಿನಲ್ಲಿ ಇವತ್ತು ಇಷ್ಟು ಹಸಿರು ಉಳಿದಿದ್ದರೆ ಅದು ಯಾರದೋ ಪರಿಸರ ಪ್ರೇಮದಿಂದ ಅಲ್ಲ, ಕಾಂಪೌಂಡ್ ಗೋಡೆಗಳಿಂದ. 2024ರಲ್ಲಿ ಎಚ್‌ಎಂಟಿ ವಶದಲ್ಲಿರುವ ಪೀಣ್ಯ ಪ್ಲಾಂಟೇಶನ್ ಜಮೀನು ಅರಣ್ಯ ಭೂಮಿ, ಅದನ್ನು ವಾಪಸ್ ಪಡೆಯಬೇಕು ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಹೊರಟರು. ಕೇಂದ್ರದ ಭಾರೀ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ ಅದನ್ನು ವಿರೋಧಿಸಿದರು. ಅದೇ ವರ್ಷ ಸಿನಿಮಾ ಸೆಟ್ಟಿಗಾಗಿ ಅಲ್ಲಿ ಮರ ಕಡಿದರು ಎಂಬ ಗಲಾಟೆಯೂ ಆಯಿತು. ಯಾರು ಸರಿ ಎಂಬುದನ್ನು ದಾಖಲೆಗಳು ತೀರ್ಮಾನಿಸಲಿ. ನನ್ನ ಪ್ರಶ್ನೆ ಬೇರೆ. ಈ ಭಾಗದ ಹಕ್ಕಿಗಳನ್ನು ಎಷ್ಟೋ ವರ್ಷಗಳಿಂದ ಎಷ್ಟೋ ಜನ ತೆಗೆಯುತ್ತಿದ್ದಾರೆ. ಈ ಜಮೀನಿನ ಬಗ್ಗೆ ವಾದ ಎದ್ದಾಗ ಆ ಸಾವಿರಾರು ಚಿತ್ರಗಳಲ್ಲಿ ಎಷ್ಟು ಚಿತ್ರಗಳು ಏನನ್ನಾದರೂ ಹೇಳಬಲ್ಲವು? ಹಾಲಕ್ಕಿ ಸ್ಪಷ್ಟವಾಗಿದೆ, ಅದರ ಹಿಂದಿರುವುದು ಬೆಣ್ಣೆ. ಆ ಬೆಣ್ಣೆ ಜಾಲಹಳ್ಳಿಯದೇ ಎಂದು ಯಾವ ನ್ಯಾಯಾಲಯಕ್ಕೆ, ಯಾವ ಪಕ್ಕದ ಮನೆಯವರಿಗೆ ಮನವರಿಕೆ ಮಾಡಿಕೊಡುತ್ತೀರಿ? ಪಾಳುಬಿದ್ದ ಕ್ವಾರ್ಟರ್ಸಿನ ಒಡೆದ ವೆಂಟಿಲೇಟರು, ಅದರ ಪಕ್ಕದ ಮಳೆಮರ, ಮರದಾಚೆ ಎದ್ದು ನಿಂತ ಹೊಸ ಗೋಪುರಗಳು, ಇವೆಲ್ಲದರ ನಡುವೆ ಮುಷ್ಟಿಯಷ್ಟು ಹಾಲಕ್ಕಿ ಇದ್ದ ಚಿತ್ರ ಮಾತ್ರ "ಇದು ಇಲ್ಲಿ ಬದುಕುತ್ತದೆ" ಎನ್ನಬಲ್ಲದು.

ಗೂಬೆಗಳ, ಗೂಡುಗಳ ಜಾಗವನ್ನು ಬಹಿರಂಗ ಮಾಡಬಾರದು ಎಂಬ ಶಿಸ್ತು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಇರಲೇಬೇಕು. ಅಪರೂಪದ ಹಕ್ಕಿಯ ಗೂಡಿಗೆ ದಾರಿ ಹೇಳಿಕೊಡಬೇಡಿ. ಆದರೆ ಊರಿಗೆಲ್ಲ ಗೊತ್ತಿರುವ ಹಾಲಕ್ಕಿ, ಹದ್ದು, ಗೊರವಂಕಗಳ ಹಿಂದಿನ ಊರನ್ನು ಅಳಿಸುವವರು ಆ ಶಿಸ್ತಿನ ಕಾರಣಕ್ಕೆ ಅಳಿಸುತ್ತಿಲ್ಲ.

ಈಗ ಲೆನ್ಸಿಗೆ ಬರುತ್ತೇನೆ. ನಿಕಾನಿನ ಎಫ್ ಮೌಂಟ್ 1959ರದು. ಆದ್ದರಿಂದ 1977ರ ಲೆನ್ಸು 2012ರಲ್ಲಿ ಬಂದ, ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಡಿ3200ರ ಬಾಯಿಗೆ ಯಾವ ಅಡಾಪ್ಟರೂ ಇಲ್ಲದೆ ಕೂರುತ್ತದೆ. ಕೂರುತ್ತದೆ ಅಷ್ಟೆ. ಅಗ್ಗದ ಆ ಕ್ಯಾಮೆರಾದಲ್ಲಿ ಹಳೆಯ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂದು ಓದುವ ಏರ್ಪಾಡಿಲ್ಲ, ಹಾಗಾಗಿ ಮೀಟರು ಕೆಲಸ ಮಾಡುವುದಿಲ್ಲ. ಬೆಳಕನ್ನು ನೀವೇ ಅಳೆಯಬೇಕು. ಫಿಲ್ಮ್ ಕಾಲದ ಸೂತ್ರವೊಂದಿದೆ: ಚೆನ್ನಾಗಿ ಬಿಸಿಲಿದ್ದರೆ ಎಫ್/16ರಲ್ಲಿ ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 400 ಇದ್ದರೆ ಎಫ್/11ಕ್ಕೆ ಸೆಕೆಂಡಿನ 800ನೇ ಒಂದು ಭಾಗ. ಒಂದು ಚಿತ್ರ ತೆಗೆದು, ಹಿಂದಿನ ಪರದೆಯ ಹಿಸ್ಟೋಗ್ರಾಂ ನೋಡಿ, ಒಂದೆರಡು ಹೆಜ್ಜೆ ಆಚೀಚೆ ಮಾಡಿಕೊಂಡರೆ ಮುಂದಿನ ಅರ್ಧ ಗಂಟೆಗೆ ಅದೇ ಲೆಕ್ಕ. ಫೋಕಸ್ ಸರಿಯಾದಾಗ ವ್ಯೂಫೈಂಡರಿನ ಮೂಲೆಯಲ್ಲಿ ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತದೆ. ಅದಷ್ಟೇ ಕ್ಯಾಮೆರಾ ಮಾಡುವ ಸಹಾಯ.

ಈ ಏರ್ಪಾಡಿನಲ್ಲಿ ಹಾರುವ ಹಕ್ಕಿ ಸಿಗುವುದು ಕಡಿಮೆ. ಹತ್ತು ಮೀಟರಿನಲ್ಲಿ ಎಫ್/4ಕ್ಕೆ ಸ್ಪಷ್ಟವಾಗಿ ಕಾಣುವ ಪಟ್ಟಿಯ ಆಳ ನಲವತ್ತು ಸೆಂಟಿಮೀಟರಿನಷ್ಟು. ಹದ್ದು ಅದನ್ನು ಕಣ್ಣು ಮಿಟುಕಿಸುವುದರಲ್ಲಿ ದಾಟುತ್ತದೆ. ಹಾಗಾಗಿ ಹಕ್ಕಿಯ ಬೆನ್ನು ಹತ್ತುವುದನ್ನು ಬಿಟ್ಟು ಜಾಗಕ್ಕೆ ಫೋಕಸ್ ಮಾಡಬೇಕಾಗುತ್ತದೆ. ಕಂಬಕ್ಕೆ, ಗೋಡೆಯ ಅಂಚಿಗೆ, ನೀರಿನಿಂದ ಎದ್ದ ಕಬ್ಬಿಣದ ಸರಳಿಗೆ ಮೊದಲೇ ರಿಂಗು ತಿರುಗಿಸಿಟ್ಟು ಕಾಯುತ್ತೀರಿ. ಹಕ್ಕಿ ಬಂದರೆ ಬಂತು. ಇಲ್ಲಿರುವ ವ್ಯತ್ಯಾಸವನ್ನು ಗಮನಿಸಿ. 2020ರಲ್ಲಿ ಕ್ಯಾನನ್ ಆರ್5, 2021ರಲ್ಲಿ ಸೋನಿ ಎ1 ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಆಟೋಫೋಕಸನ್ನು ತಂದವು. ಸೋನಿಯದು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅದ್ಭುತ ಯಂತ್ರಗಳು, ತಕರಾರಿಲ್ಲ. ಆದರೆ ಆ ಯಂತ್ರ ಕಣ್ಣು ಕಂಡ ತಕ್ಷಣ ಒಂದು ಪ್ರಶ್ನೆಯನ್ನು ನಿಮ್ಮ ಪರವಾಗಿ ಮುಗಿಸಿಬಿಡುತ್ತದೆ: ಈ ಚಿತ್ರ ಯಾವುದರ ಬಗ್ಗೆ? ಉತ್ತರ ಯಾವಾಗಲೂ ಕಣ್ಣು. ನನ್ನ ಲೆನ್ಸಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳದೆ ರಿಂಗನ್ನು ಎಲ್ಲಿಯೂ ನಿಲ್ಲಿಸಲು ಆಗುವುದಿಲ್ಲ. ಗೋಡೆಯೋ, ಹಕ್ಕಿಯೋ, ಅವೆರಡರ ನಡುವಿನ ಮುಳ್ಳುತಂತಿಯೋ, ನೀವೇ ಆರಿಸಬೇಕು.

(ಪಠ್ಯಪುಸ್ತಕದ ಕನ್ನಡ ಲೆನ್ಸಿಗೆ 'ಮಸೂರ' ಎನ್ನುತ್ತದೆ. ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೆ ಮಸೂರ ಬೇಳೆ, ಉತ್ತರ ಕರ್ನಾಟಕದ ಅಡುಗೆಮನೆಯ ಚನ್ನಂಗಿ. ಆಕಾರ ನೋಡಿ ಅವರು ಇಟ್ಟ ಹೆಸರನ್ನು ನಮ್ಮವರು ಬೇಳೆಯ ಸಮೇತ ಅನುವಾದಿಸಿಕೊಂಡರು. ಅಂಗಡಿಯಲ್ಲಿ ಹೋಗಿ 200 ಮಿ.ಮೀ. ಮಸೂರ ಕೊಡಿ ಎಂದವರನ್ನು ನಾನಿನ್ನೂ ಕಂಡಿಲ್ಲ.)

ಇಷ್ಟು ಓದಿದ ಮೇಲೆ ಒಂದು ವರ್ಗದವರು ನನ್ನ ಹೆಗಲ ಮೇಲೆ ಕೈಹಾಕಲು ಬರುತ್ತಾರೆ. ಅವರಿಂದ ನಾನು ದೂರ ಸರಿಯಬೇಕು. 'ಓಲ್ಡ್ ಈಸ್ ಗೋಲ್ಡ್' ಪಂಗಡದವರು. ಇವರಿಗೆ ಹಳೆಯ ಲೆನ್ಸು ಎಂದರೆ ಧ್ಯಾನ, ನಿಧಾನ, ಆತ್ಮ. ಹಿತ್ತಾಳೆ, ಗಾಜು, ಲೋಹದ ತಣ್ಣನೆ ಸ್ಪರ್ಶ. ಸೋವಿಯತ್ ಹೀಲಿಯಾಸ್ ಲೆನ್ಸಿನ ಸುಳಿಸುತ್ತುವ ಹಿನ್ನೆಲೆಗಾಗಿ ಹಣ ಸುರಿಯುವವರು, ಅದಕ್ಕೆ 'ಕ್ಯಾರೆಕ್ಟರ್' ಎನ್ನುವವರು. ಊರನ್ನು ಬೆಣ್ಣೆ ಮಾಡುವವರಿಗೂ ಸುಳಿ ಮಾಡುವವರಿಗೂ ಏನು ವ್ಯತ್ಯಾಸ? ಎರಡರಲ್ಲೂ ಊರು ಕಾಣುವುದಿಲ್ಲ.

ಜಾಲಹಳ್ಳಿಯವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಎಚ್‌ಎಂಟಿ 1961ರಿಂದ ಇಲ್ಲಿ ಗಡಿಯಾರ ಮಾಡಿತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್‌ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ನಡೆಯುತ್ತಿದ್ದಾಗ ಕ್ವಾರ್ಟ್ಜ್ ವಾಚು ಕಟ್ಟಿಕೊಂಡು ತಿರುಗಿದವರು, ಮುಚ್ಚಿದ ಮೇಲೆ ಜನತಾ, ಪೈಲಟ್ ಮಾದರಿಗಳನ್ನು ಹುಡುಕಲು ಶುರುಮಾಡಿದರು. ಬೇಡಿಕೆ ಕಂಡವರು ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಅಂಟಿಸಿ 'ವಿಂಟೇಜ್' ಎಂದು ಮಾರುತ್ತಿದ್ದಾರೆ. ಕಾರ್ಮಿಕರು, ಕಾಲೊನಿ, ಸಂಬಳ, ಮುಚ್ಚುವಿಕೆ ಯಾವುದೂ ಇಲ್ಲದ, ಡಯಲ್ ಮಾತ್ರ ಉಳಿದ ಸ್ಮರಣೆ ಇದು. ನಮ್ಮ ಹಕ್ಕಿ ಫೋಟೋಗಳ ಹಾಗೆಯೇ, ಹಿನ್ನೆಲೆಯನ್ನು ಒರೆಸಿ ಇಟ್ಟದ್ದು.

ಹಿರಿಯರ ಹೆಸರನ್ನು ಎಳೆದು ತರುವುದೂ ಈ ಪಂಗಡದ ಅಭ್ಯಾಸ. ಕರ್ನಾಟಕಕ್ಕೆ ದೊಡ್ಡ ಪರಂಪರೆಯೇ ಇದೆ: ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. 35 ಮಿ.ಮೀ. ಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ ಬೇರೂರಿದ್ದು 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ. ಅದಕ್ಕೆ ಮೊದಲು ಕ್ಯಾಮೆರಾ ಹಿಡಿದವರೆಲ್ಲ ಕೈಯಲ್ಲೇ ರಿಂಗು ತಿರುಗಿಸಿದವರು. ಆದರೆ ಅದರಿಂದ ಅವರು ಸಂತರಾಗಲಿಲ್ಲ, ಯಾರೂ ಆಗುವುದಿಲ್ಲ. ಲೆನ್ಸು ಗಿಡ್ಡ, ಫಿಲ್ಮು ನಿಧಾನ ಆಗಿದ್ದ ಕಾಲದಲ್ಲಿ ಹಕ್ಕಿಯ ಒಳ್ಳೆಯ ಚಿತ್ರ ಬೇಕೆಂದರೆ ಗೂಡಿನ ಪಕ್ಕ ಮರೆ ಕಟ್ಟಿಕೊಂಡು, ಫ್ಲಾಶ್ ಇಟ್ಟುಕೊಂಡು ಕಾಯುವುದು ಜಗತ್ತಿನೆಲ್ಲೆಡೆ ವಾಡಿಕೆಯಾಗಿತ್ತು. ಇವತ್ತು ಗೂಡಿನ ಚಿತ್ರವನ್ನು ಎಷ್ಟೋ ವೇದಿಕೆಗಳು ಒಪ್ಪುವುದೇ ಇಲ್ಲ, ಸರಿಯಾಗಿಯೇ. ಉದ್ದದ ಲೆನ್ಸು ಹಕ್ಕಿಗೆ ನೆಮ್ಮದಿ ಕೊಟ್ಟಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾಗದು. ಹಾಗಾಗಿ 200 ಮಿ.ಮೀ. ಹಿಡಿದು ಹಕ್ಕಿಯನ್ನು ಚೌಕಟ್ಟು ತುಂಬಿಸಲು ಹತ್ತಿರ ಹತ್ತಿರ ಹೋಗುವವರು ನನ್ನ ವಾದವನ್ನು ಬಳಸಿಕೊಳ್ಳಬಾರದು. ಗಿಡ್ಡ ಲೆನ್ಸು ಇಟ್ಟುಕೊಂಡವರು ದೂರವೇ ನಿಲ್ಲಬೇಕು, ಹಕ್ಕಿ ಚಿಕ್ಕದಾಗಿಯೇ ಬರಬೇಕು. ನನ್ನ ವಾದ ನಿಂತಿರುವುದೇ ಆ ಚಿಕ್ಕದರ ಮೇಲೆ.

ಎದುರಿನ ಪಾಳೆಯದ ಪ್ರಶ್ನೆ ಇದಕ್ಕಿಂತ ಗಟ್ಟಿ. ಒಂದು ಲಕ್ಷದ 150-600 ಜೂಮಿನಲ್ಲೂ 200ಕ್ಕೆ ಇಟ್ಟು, ಆಟೋಫೋಕಸ್ ಆರಿಸಿ, ಎಫ್/11ಕ್ಕೆ ತಂದು ಇದೇ ಚಿತ್ರ ತೆಗೆಯಬಹುದಲ್ಲ? ತೆಗೆಯಬಹುದು. ಭೌತಶಾಸ್ತ್ರ ಅಡ್ಡಿ ಮಾಡುವುದಿಲ್ಲ. ಆದರೆ ಜೂಮಿನ ಕತ್ತು ತಿರುಗುತ್ತದೆ ಎಂದ ಮೇಲೆ ಕೈ ತಿರುಗಿಸುತ್ತದೆ. ಹಕ್ಕಿ ಕಂಡ ಕೂಡಲೇ 600ಕ್ಕೆ ಹೋಗದ ಜೂಮನ್ನು ಕೆರೆ ದಂಡೆಯಲ್ಲಿ ಒಮ್ಮೆ ತೋರಿಸಿ. ಸ್ಥಿರ ಲೆನ್ಸಿನಲ್ಲಿ ಆ ಆಸೆಗೆ ಜಾಗವಿಲ್ಲ. ಹಕ್ಕಿ ಎದ್ದು ಹೋಗುತ್ತದೆ ಎಂಬ ಭಯದಿಂದ ಮುಂದೆ ಹೋಗುವಂತಿಲ್ಲ, ಜೂಮು ಇಲ್ಲ, ಇದ್ದಲ್ಲೇ ನಿಂತು ಉಳಿದ ಚೌಕಟ್ಟನ್ನು ಏನು ಮಾಡುವುದೆಂದು ಯೋಚಿಸಬೇಕು. ಹಕ್ಕಿ ಎಂಟನೇ ಒಂದು ಭಾಗ, ಉಳಿದ ಏಳು ಭಾಗ ನಿಮ್ಮ ತಲೆನೋವು. ಆ ತಲೆನೋವಿನಲ್ಲೇ ಗೋಡೆ, ಕಂಬ, ಟ್ಯಾಂಕರು, ಫ್ಲೆಕ್ಸು ಒಳಗೆ ಬರುತ್ತವೆ.

ಹಕ್ಕಿ ಗುರುತಿಸುವವರಿಗೆ, ಗಣತಿ ಮಾಡುವವರಿಗೆ ದೊಡ್ಡ ಲೆನ್ಸು ಬೇಕು. ಎರಡು ಉಲಿಯಕ್ಕಿಗಳ ನಡುವಿನ ವ್ಯತ್ಯಾಸ ನನ್ನ ಲೆನ್ಸಿನಲ್ಲಿ ತಿಳಿಯುವುದಿಲ್ಲ. ಅದು ಅವರ ಕೆಲಸ, ಅವರ ಸಲಕರಣೆ. ನನ್ನ ಜಗಳ ಅವರೊಂದಿಗಲ್ಲ. ವಾರದ ಕೊನೆಗೆ ಕೆರೆಗೆ ಬಂದು, ಹತ್ತು ಲಕ್ಷದ ಗಾಜಿನಲ್ಲಿ ಕೆರೆಯನ್ನೇ ಅಳಿಸಿ, ಸೋಮವಾರ ಅದೇ ಚಿತ್ರದ ಕೆಳಗೆ 'ಕೆರೆ ಉಳಿಸಿ' ಎಂದು ಬರೆಯುವವರೊಂದಿಗೆ.

ಹಣದ ಮಾತೂ ಇದೆ, ಅದನ್ನು ಸಾಹಿತ್ಯದ ಪುಟದಲ್ಲಿ ಆಡಲು ನಾಚಿಕೆ ಏಕೆ. ಫೆಲೋಶಿಪ್ ಯಾವ ತಿಂಗಳು ಬರುತ್ತದೆಂದು ಗೊತ್ತಿಲ್ಲದ ಸಂಶೋಧನಾ ವಿದ್ಯಾರ್ಥಿಗಳು ಹಕ್ಕಿ ತೆಗೆಯಬೇಕೆಂದರೆ ಮೊದಲು ಒಂದು ಲಕ್ಷ ತನ್ನಿ ಎನ್ನುವ ಉಪದೇಶ ಎಲ್ಲ ಕಡೆಯಿಂದ ಬರುತ್ತದೆ. ನನ್ನ ಲೆನ್ಸಿಗೆ ಕೊಟ್ಟಿದ್ದು ಆರು ಸಾವಿರ. ಅದರೊಳಗೆ ಬೂಷ್ಟು ಹಿಡಿದಿತ್ತು, ಬಿಚ್ಚಿ ಒರೆಸಿಸಲು ಇನ್ನೂ ಸ್ವಲ್ಪ. ಒಳಗೆ ಐದೇ ಗಾಜು, ಮೋಟರಿಲ್ಲ, ಸರ್ಕೀಟಿಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಬರುವ ಮೆಕ್ಯಾನಿಕ್ ಇರುವವರೆಗೂ ಇದು ಬದುಕುತ್ತದೆ. ಹಳೆಯದನ್ನು ಕೊಳ್ಳಲು ನನಗೆ ಇರುವ ಕಾರಣಗಳು ಇವೇ: ಅಗ್ಗ, ರಿಪೇರಿಯಾಗುತ್ತದೆ, ಊರು ಕಾಣಿಸುತ್ತದೆ. ಆತ್ಮ ಗೀತ್ಮ ಇಲ್ಲ.

ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಿದೆ, ಮೈಸೂರಿನಲ್ಲಿ ಮತ್ತೊಂದು, ಊರೂರಲ್ಲಿ ಚಿಕ್ಕ ಕ್ಲಬ್ಬುಗಳು. ಇವುಗಳಲ್ಲಿ ಯಾವುದಾದರೂ ಒಂದು, ಒಂದೇ ಒಂದು ವರ್ಷ, ಒಂದು ವಿಭಾಗ ಇಡಲಿ: ಹಕ್ಕಿ ಚೌಕಟ್ಟಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು, ಅದು ಯಾವ ಊರು ಎಂದು ನೋಡಿದವರಿಗೆ ತಿಳಿಯಬೇಕು. ಕೆರೆ ಸಮಿತಿಗಳು ಮುಂದಿನ ವರ್ಷದ ಕ್ಯಾಲೆಂಡರಿಗೆ ಹನ್ನೆರಡು ಹಕ್ಕಿಗಳ ಮುಖ ಹಾಕುವ ಬದಲು ಅದೇ ಹಕ್ಕಿಗಳು ಕೂತ ಹನ್ನೆರಡು ಜಾಗಗಳನ್ನು ಹಾಕಲಿ, ರಾಜಕಾಲುವೆಯ ಬಾಯಿಯನ್ನೂ ಸೇರಿಸಿ. ಇದಕ್ಕೆ ಹಳೆಯ ಲೆನ್ಸೇ ಬೇಕಿಲ್ಲ, ನಿಮ್ಮ ಹತ್ತು ಲಕ್ಷದ್ದೇ ಆಗಬಹುದು. ಕಿಂಡಿ ಕಿರಿದು ಮಾಡಿ ನಲವತ್ತು ಹೆಜ್ಜೆ ಹಿಂದೆ ಬನ್ನಿ. ಈ ಭಾನುವಾರ ಹೆಬ್ಬಾಳಕ್ಕೆ ಹೋಗುವವರು ಹೆಜ್ಜಾರ್ಲೆಯ ಜೊತೆಗೆ ಅದರ ಹಿಂದಿರುವ ಫ್ಲೈಓವರನ್ನೂ ತನ್ನಿ.